ತಲೆ ಮುರಿದ ಗಂಟೆ

ಇವತ್ತು ಬೆಳಿಗ್ಗೆ ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು ಕಿಸೆಗೆ ಕೈ ಬಿಟ್ಟರೆ ಬೆರಳಿಗೆ ಏನೋ ಚುಚ್ಚಿತು. ತೆಗೆದು ನೋಡಿದೆ. ಸೋಡಾ ಬಾಟಲಿಯ ಮುಚ್ಚಳ. ತುಕ್ಕು ಹಿಡಿದು, ಅಂಚು ಅರ್ಧ ಉದುರಿ, ವಾಷಿಂಗ್ ಮೆಷಿನ್ನಿನಲ್ಲಿ ತಿರುಗಿ, ಇಸ್ತ್ರಿಪೆಟ್ಟಿಗೆಯ ಅಡಿಯಲ್ಲಿ ಮಲಗಿ ಎದ್ದರೂ ಅದು ನನ್ನನ್ನು ಬಿಟ್ಟಿರಲಿಲ್ಲ. ಇಂಥ ಬರಹಗಳಲ್ಲಿ ಈ ಹಂತಕ್ಕೆ ಬರೆಯುವವನಿಗೆ ಬಾಲ್ಯ ನೆನಪಾಗಬೇಕು, ಗೋಲಿ ಸೋಡಾದ ಸದ್ದು ಕೇಳಬೇಕು, ಕಣ್ಣು ಸ್ವಲ್ಪ ಒದ್ದೆಯಾಗಬೇಕು. ಓದುಗರೇ, ನನಗೆ ನೆನಪಾದದ್ದು ಭಾವ. ನೆನಪಾದ ಕೂಡಲೇ ತಲೆಬಿಸಿ ಶುರುವಾಯಿತು.

ಈ ಬಗೆಯ ಮುಚ್ಚಳಗಳು ನಮ್ಮ ಮನೆಯಲ್ಲಿ ಒಂದು ಡಬ್ಬಿ ತುಂಬ ಇವೆ. ಕೆಲವು ಬಂಟ್ವಾಳದವು, ಕೆಲವು ಬೆಳ್ತಂಗಡಿಯವು, ಕೆಲವು ಇಲ್ಲಿಯವೇ, ಮೂಡುಬಿದಿರೆಯವು. ಎಲ್ಲವನ್ನೂ ನೆಲದಿಂದ ಅಗೆದು ತೆಗೆದವನು ನಾನು. ಅಗೆಯಲು ಹೇಳಿದವನು ಭಾವ. ಭಾವನಿಗೆ ಹೇಳಿದ್ದು ಯಂತ್ರ.

ಭಾವ ಎಂದರೆ ಅಕ್ಕನ ಗಂಡ ಜಗದೀಶ. ನಮ್ಮ ಕಡೆ ಅವನೂ ನನ್ನನ್ನು ಭಾವ ಎಂದೇ ಕರೆಯುವುದು. ಅರ್ಧ ಆಯುಷ್ಯ ದುಬೈಯಲ್ಲಿ ಏಸಿ ರಿಪೇರಿ ಮಾಡಿದವನು. ಕೊನೆಯ ಸಲ ಊರಿಗೆ ಬರುವಾಗ ಎಲ್ಲರೂ ತರುವ ಖರ್ಜೂರ, ಕಂಬಳಿ, ಸೆಂಟಿನ ಬಾಟಲಿಗಳ ನಡುವೆ ಅವನ ಪೆಟ್ಟಿಗೆಯಲ್ಲಿ ಒಂದು ಲೋಹ ಹುಡುಕುವ ಯಂತ್ರವಿತ್ತು. ನೋಡಲು ಊರುಗೋಲಿನ ತುದಿಗೆ ಊಟದ ತಟ್ಟೆ ಸಿಕ್ಕಿಸಿದ ಹಾಗೆ. ಇಂಗ್ಲೆಂಡಿನಲ್ಲಿ ಯಾರೋ ನಿವೃತ್ತರು ರಜೆಯ ದಿನ ಗದ್ದೆಗೆ ಹೋಗಿ, ಇಂಥದ್ದನ್ನು ಆಡಿಸಿ, ರೋಮನ್ನರ ನಾಣ್ಯ ಹೆಕ್ಕುವ ವಿಡಿಯೋವನ್ನು ಅವನ ರೂಮಿನವನೊಬ್ಬ ತೋರಿಸಿದ್ದನಂತೆ. ಅಲ್ಲಿಂದ ಭಾವನಿಗೆ ನಿದ್ದೆ ಬರಲಿಲ್ಲ.

"ಅವರ ಗದ್ದೆಯಲ್ಲಿ ಉಂಟಾದ್ರೆ ನಮ್ಮದರಲ್ಲಿ ಇಲ್ವ ಭಾವ? ಆಳುಪರು ಆಳಿದ ನೆಲ ಇದು. ಆಮೇಲೆ ಚೌಟರು, ಬಂಗರು, ಅಜಿಲರು. ಇಷ್ಟು ಜನ ರಾಜರು ತಿರುಗಾಡಿದ್ದಾರೆ, ಒಬ್ಬನ ಕಿಸೆಯಿಂದಲೂ ಏನೂ ಬಿದ್ದಿರ್ಲಿಕ್ಕಿಲ್ವ?"

"ಅವರಿಗೆ ಕಿಸೆ ಇರಲಿಲ್ಲ ಭಾವ," ಎಂದೆ. ಅವನಿಗೆ ಕೇಳಿಸಲಿಲ್ಲ. ಹೆಡ್‌ಫೋನ್ ಹಾಕಿಕೊಂಡಾಗಿತ್ತು.

ಇಂಗ್ಲೆಂಡಿನ ಮಣ್ಣು ಹೇಗಿದೆಯೋ ಗೊತ್ತಿಲ್ಲ. ನಮ್ಮದು ಕೆಂಪುಕಲ್ಲಿನ ನೆಲ, ಅದರಲ್ಲಿ ಕಬ್ಬಿಣವೇ ಬೆರೆತಿದೆ. ಯಂತ್ರಕ್ಕೆ ಈ ವಿಷಯ ಯಾರೂ ಹೇಳಿರಲಿಲ್ಲ. ಸ್ವಿಚ್ಚು ಹಾಕಿದ ಕೂಡಲೇ ಅದು ಕೂಗಲು ಶುರು ಮಾಡುತ್ತಿತ್ತು, ಆಫ್ ಮಾಡುವ ತನಕ ಕೂಗುತ್ತಿತ್ತು. ಆ ಒಂದೇ ಸಮನಾದ ಕೂಗಿನಲ್ಲಿ ಯಾವುದು ಬರಿಯ ಮಣ್ಣು, ಯಾವುದು ಆಳುಪರು ಎಂದು ಗುರುತಿಸುವುದು ಒಂದು ಕಲೆ ಎಂದು ಭಾವ ಹೇಳುತ್ತಿದ್ದ. ಆ ಕಲೆ ಅವನಿಗೆ ಬರುತ್ತಿರಲಿಲ್ಲ. ಅವನಿಗೆ ಬೆನ್ನುನೋವು, ಆದ್ದರಿಂದ ಪಿಕ್ಕಾಸು ನನ್ನ ಕೈಯಲ್ಲಿ. ಬಂಟ್ವಾಳದಲ್ಲಿ ನೇತ್ರಾವತಿಯ ಮರಳಿನಲ್ಲಿ ಅಗೆದೆ. ಸೇತುವೆಯ ಮೇಲಿನಿಂದ ಭಕ್ತರು ಎಸೆದ ಈಗಿನ ಕಾಲದ ನಾಣ್ಯಗಳು ಸಿಕ್ಕಿದವು, ಭಾವ ಅವನ್ನು ಭಕ್ತಿಯಿಂದ ಮತ್ತೆ ನೀರಿಗೆ ಹಾಕಿಸಿದ. ಬೆಳ್ತಂಗಡಿಯಲ್ಲಿ ಆಟದ ಮೈದಾನದ ಅಂಚಿನಲ್ಲಿ ಅಗೆದೆ. ಮುಚ್ಚಳ, ಮೊಳೆ, ಕೊಡೆಯ ಕಡ್ಡಿ, ಮತ್ತೆ ಮುಚ್ಚಳ. ಈ ಜಿಲ್ಲೆಯ ಜನ ಕುಡಿದ ಸೋಡಾದ ಲೆಕ್ಕ ನೆಲದೊಳಗೆ ಇಷ್ಟು ಭದ್ರವಾಗಿ ಉಳಿದಿದೆ ಎಂದು ನನಗೆ ತಿಳಿದಿರಲಿಲ್ಲ, ತಿಳಿಯುವ ಆಸೆಯೂ ಇರಲಿಲ್ಲ.

ಇಲ್ಲಿ ಮೂಡುಬಿದಿರೆಯಲ್ಲಿ ನಮ್ಮ ಹಿತ್ತಲನ್ನು ಅಗೆದಾಗಲೂ ಮುಚ್ಚಳವೇ. ಇಲ್ಲೇ ನನ್ನ ಗೆಳೆಯನೊಬ್ಬನಿದ್ದಾನೆ. ಜೈನ, ಬಟ್ಟೆ ಅಂಗಡಿ ಇಟ್ಟುಕೊಂಡಿದ್ದಾನೆ, ಮನೆಯ ಹತ್ತಿರದ ಸಣ್ಣ ಬಸದಿಯ ಕೀಲಿಕೈಯೂ ಅವನ ಬಳಿಯೇ. ಅವನ ಹಿತ್ತಲಿನಲ್ಲಿ ಒಮ್ಮೆ ಯಂತ್ರ ಆಡಿಸಲು ಭಾವ ಅನುಮತಿ ಕೇಳಿದ. ಗೆಳೆಯ ಬಹಳ ಹೊತ್ತು ಯಂತ್ರವನ್ನೇ ನೋಡಿದ.

"ನೋಡಿ ಮಾರಾಯ್ರೆ, ಹಳೆಯದು ಸಿಕ್ಕಿದ್ರೆ ಸರ್ಕಾರಕ್ಕೆ ಹೇಳ್ಬೇಕು. ಸಿಗದಿದ್ರೆ ನನ್ನ ಬಸಳೆ ಚಪ್ಪರ ಹಾಳು. ಇದ್ರಲ್ಲಿ ನನಗೆ ಎಂತ ಉಂಟು? ಕಾಫಿ ಕುಡಿದು ಹೋಗಿ."

ನಾವು ಕಾಫಿ ಕುಡಿದು ಬಂದೆವು. ಆ ಇಡೀ ವರ್ಷದಲ್ಲಿ ವಿವೇಕದ ಮಾತು ಕೇಳಿದ್ದು ಅದೊಂದೇ.

ಇಲ್ಲಿ ಒಂದು ಮಾತು. ಮೇಲೆ ಬರೆದ ಸಂಭಾಷಣೆಗಳೆಲ್ಲ ನಡೆದದ್ದು ತುಳುವಿನಲ್ಲಿ. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಗೆಳೆಯ ಬಸಳೆ ಎಂದನೋ ಹರಿವೆ ಎಂದನೋ ಈಗ ಪ್ರಮಾಣ ಮಾಡಲಾರೆ. ಚಪ್ಪರ ಬೇಕಾದ್ದರಿಂದ ಬಸಳೆ ಎಂದಿದ್ದೇನೆ. ನೆನಪು ಎನ್ನುವುದು ಹೀಗೆಯೇ, ವಾಕ್ಯಕ್ಕೆ ಏನು ಬೇಕೋ ಅದನ್ನು ತಂದುಕೊಡುತ್ತದೆ. ಚಂದವಾಗಿ ನೆನಪಾಗುವುದನ್ನೆಲ್ಲ ನಾನು ಸಂಶಯದಿಂದಲೇ ನೋಡುತ್ತ ಬಂದವನು. ಮನೆಯವರಿಗೆ ಇದು ನನ್ನ ಒಂದು ರೋಗ. ಯಾರಾದರೂ "ಅಜ್ಜ ಹುಲಿ ಕಂಡ ದಿನ" ಎಂದು ಶುರು ಮಾಡಿದರೆ, "ಹೋದ ಸಲ ಅದು ಚಿರತೆ ಆಗಿತ್ತು" ಎನ್ನುವವನು ನಾನು. ಮದುವೆ ಮನೆಗಳಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿ ಇರುತ್ತದೆ.

ಈಗ ಅಕ್ಕ. ಅಕ್ಕ ಸುಮತಿ ಬೆಳ್ತಂಗಡಿಯಲ್ಲಿ ಹೈಸ್ಕೂಲು ಟೀಚರು. ಮದುವೆಯಾದಾಗಿನಿಂದ ಬಾಡಿಗೆ ಮನೆ. ಒಂದು ಮನೆಯಲ್ಲಿ ಮೊಳೆ ಹೊಡೆಯುವಂತಿಲ್ಲ, ಇನ್ನೊಂದರಲ್ಲಿ ಮೀನು ಹುರಿಯುವಂತಿಲ್ಲ, ಮತ್ತೊಂದರಲ್ಲಿ ಮಾಲಕರ ಹೆಂಡತಿ ಕಿಟಕಿಯಲ್ಲಿ ಬಗ್ಗಿ ಸಾರಿನ ಪಾತ್ರೆ ನೋಡುತ್ತಿದ್ದಳು. ಅಕ್ಕನಿಗೆ ಒಂದು ಅಡಿಗೆಮನೆ ಬೇಕಿತ್ತು, ಪೂರ್ವಕ್ಕೆ ಕಿಟಕಿ ಇರುವ, ಯಾರೂ ಇಣುಕದ ಅಡಿಗೆಮನೆ. ಅಮ್ಮ ತೀರಿಕೊಂಡ ಮೇಲೆ ಕುಟುಂಬದ ಜಾಗ ಪಾಲಾಗಿ, ಸಿದ್ಧಕಟ್ಟೆಯ ಹತ್ತಿರ ಗದ್ದೆಗಿಂತ ಎತ್ತರದ ಒಂದು ತಟ್ಟು, ಮನೆ ಕಟ್ಟುವಷ್ಟು ಸಮನಾದ ಜಾಗ, ಅವಳಿಗೆ ಬಂತು. ಗೂಟ ಹೊಡೆದು ಹಗ್ಗ ಕಟ್ಟಿ ಆಗಿತ್ತು. ಕೆಂಪುಕಲ್ಲಿನ ಲೋಡು ಬಂದು ಬಿದ್ದಿತ್ತು. ಪಂಚಾಂಗಕ್ಕೆ, ಅಂದರೆ ಅಡಿಪಾಯಕ್ಕೆ, ನೆಲ ತೋಡಿಸುವ ಮೊದಲು ಒಂದು ಸಲ ಸುಮ್ಮನೆ ಯಂತ್ರ ಆಡಿಸಿ ನೋಡುತ್ತೇನೆ ಎಂದು ಭಾವ ಹೊರಟ. ಅಕ್ಕನಿಗೆ ಅಂದು ಶಾಲೆ. ಪಿಕ್ಕಾಸು ಹಿಡಿದು ನಾನು ಹಿಂದೆ.

ಅಡಿಗೆಮನೆಯ ಹಗ್ಗದ ಒಳಗೆ ಯಂತ್ರ ಎಂದಿನ ಕೂಗು ಬಿಟ್ಟು ಬೇರೆ ಸ್ವರ ತೆಗೆಯಿತು. ಅಗೆದೆ. ಮೊಳಕೈ ಆಳದಲ್ಲಿ ಒಂದು ಗಂಟೆ ಸಿಕ್ಕಿತು. ಕಂಚಿನದು, ಅಂಗೈಯಷ್ಟು, ಒಳಗೆ ನಾಲಗೆ ಇಲ್ಲ. ಮೇಲ್ಭಾಗ ಮುರಿದುಹೋಗಿತ್ತು. ಈ ಮುರಿದ ತಲೆಯನ್ನು ಗಮನಿಸಿ, ಇನ್ನು ಮುಂದಿನ ಎಲ್ಲ ತಲೆಬಿಸಿಯೂ ಅದರದ್ದೇ. ತಲೆಯಲ್ಲಿ ಕೈಯಲ್ಲಿ ಹಿಡಿಯುವ ಹಿಡಿ ಇದ್ದಿದ್ದರೆ ಅದು ದೈವದ ಎದುರು ಆಡಿಸುವ ಗಂಟೆ. ಹಗ್ಗ ಪೋಣಿಸುವ ಕೊಂಡಿ ಇದ್ದಿದ್ದರೆ ಕೋಣದ ಕೊರಳಿನದು. ಯಾವುದೂ ಇರಲಿಲ್ಲ.

ಭಾವನ ಮುಖ ನೋಡಬೇಕಿತ್ತು. "ಆಳುಪರದ್ದು!" ಎಂದ. ಬೆಳ್ತಂಗಡಿಯ ಮನೆಗೆ ತಂದು ಹುಣಸೆಹುಳಿ, ಬೂದಿ ಹಾಕಿ ಉಜ್ಜಿದ. ಗಂಟೆ ಹಳದಿಯಾಗಿ ಹೊಳೆಯಿತು. ಫೋಟೋ ತೆಗೆಯಲು ಮೇಜಿನ ಮೇಲೆ ಇಟ್ಟ, ಚೆನ್ನಾಗಿ ಬರಲಿಲ್ಲ. ಮಣೆ ತಂದ. ಮಣೆಯ ಮೇಲೆ ಬಣ್ಣ ಎದ್ದು ಕಾಣಲಿ ಎಂದು ಕೊಡಿಬಾಳೆಯ ಎಲೆ ಹಾಸಿದ. ಹಿಂದೆ ಕಾಲುದೀಪ ಹಚ್ಚಿಟ್ಟ. ನಾನು ಅಲ್ಲೇ ಕುಳಿತು ಚಹಾ ಕುಡಿಯುತ್ತಿದ್ದೆ. ಸಂಶಯ ನನ್ನ ರೋಗ ಎಂದು ಹೇಳಿದೆನಲ್ಲ. ಅದು ಬೇಕಾದ ಹೊತ್ತಿಗೆ ಬರುವುದಿಲ್ಲ. ಫೋಟೋ ಬಹಳ ಚಂದ ಬಂತು. ಭಾವ ಅದನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದ.

ಹೊರಗಿನ ಓದುಗರಿಗೆ ಇದರಲ್ಲಿ ಏನು ತಪ್ಪಾಯಿತು ಎಂದು ತಿಳಿಯಲಿಕ್ಕಿಲ್ಲ. ನಮ್ಮಲ್ಲಿ ದೈವದ ಸಾಮಾನುಗಳನ್ನು ಇಡುವುದು ಹೀಗೆಯೇ, ಮಣೆ, ಕೊಡಿಬಾಳೆ, ದೀಪ. ಹಾಗೆ ಇಟ್ಟ ಮೇಲೆ ಆ ವಸ್ತು ವಸ್ತುವಾಗಿ ಉಳಿಯುವುದಿಲ್ಲ. ಮತ್ತೆ ತೆಗೆದು ಕಪಾಟಿನಲ್ಲಿ ಇಡುವ ಧೈರ್ಯ ಯಾರಿಗೂ ಬರುವುದಿಲ್ಲ. ಗುಂಪಿನಲ್ಲಿ ಒಂದರ ಕೆಳಗೊಂದು ಮುಗಿದ ಕೈಗಳು ಬಂದವು. ಮುಂಬಯಿಯ ಚಿಕ್ಕಮ್ಮ, "ದೈವ ತಾನಾಗಿ ಎದ್ದು ಬಂತು, ನಮ್ಮ ಭಾಗ್ಯ" ಎಂದು ಬರೆದಳು. ಸೋದರಮಾವನ ಪರವಾಗಿ ಕುಟುಂಬದ ಕೆಲಸಗಳನ್ನು ನೋಡುವ ದೊಡ್ಡಮ್ಮನ ಮಗ ದಿನಕರ, "ಎಲ್ಲಿ ಸಿಕ್ಕಿದ್ದು?" ಎಂದು ಕೇಳಿದ. ಭಾವ ಲೊಕೇಶನ್ ಕಳಿಸಿದ.

ಅಕ್ಕ ಶಾಲೆಯಿಂದ ಬರುವಾಗ ಅವಳ ಮೊಬೈಲಿನಲ್ಲಿ ಎಲ್ಲ ಬಂದಾಗಿತ್ತು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಳು.

"ಎಂತ ಮಾಡಿದ್ರಿ ನೀವು?"

"ಫೋಟೋ ತೆಗ್ದೆ ಮಾರಾಯ್ತಿ, ಬೇರೆ ಎಂತ ಇಲ್ಲ."

"ಮಣೆ ಯಾಕೆ ಇಟ್ರಿ?"

"ಎತ್ತರಕ್ಕೆ."

"ದೀಪ?"

"ಬೆಳಕಿಗೆ."

"ಟ್ಯೂಬ್‌ಲೈಟ್ ಇರ್ಲಿಲ್ವ ಮನೆಯಲ್ಲಿ?" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನೀನು ಎಂತ ನೋಡ್ತಾ ಇದ್ದದ್ದು?" ಎಂದಳು. ನನ್ನ ಕೈಯಲ್ಲಿ ಇನ್ನೂ ಚಹಾ ಇತ್ತು.

ಅವಳ ಸಿಟ್ಟಿಗೆ ಕಾರಣವಿತ್ತು. ನಮ್ಮದು ಅಳಿಯಕಟ್ಟು, ಆಸ್ತಿ ತಾಯಿಯ ಕಡೆಯಿಂದ ಬರುತ್ತದೆ, ಒಬ್ಬ ತಾಯಿಯ ಸಂತತಿಯೆಲ್ಲ ಒಂದು ಕವರು, ಅಮ್ಮನ ತಮ್ಮನಾದ ಮಾವ ಕುಟುಂಬದ ಯಜಮಾನ. ಅಕ್ಕನ ಗಂಡ ಆ ಜಾಗದಲ್ಲಿ ಎಷ್ಟು ಬೆವರು ಸುರಿಸಿದರೂ ಕುಟುಂಬದ ಕಣ್ಣಿಗೆ ನೆಂಟನೇ. ನೆಂಟ ಬಂದು ನೆಲ ಅಗೆದದ್ದೇ ಒಂದು ತಪ್ಪು. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಜಾಗ ಪಾಲಾಗುತ್ತದೆ, ದೈವ ಪಾಲಾಗುವುದಿಲ್ಲ. ದೈವದ ನೆಲೆ ಎಂದು ತೀರ್ಮಾನವಾದರೆ ಆ ತಟ್ಟು ಮತ್ತೆ ಎಲ್ಲರದ್ದಾಗುತ್ತದೆ. ಅಲ್ಲಿ ಒಬ್ಬಳು ಒಲೆ ಹೂಡಿ ಮೀನು ಹುರಿಯುವಂತಿಲ್ಲ. ಕಾಗದದಲ್ಲಿ ಜಾಗ ಅಕ್ಕನದ್ದೇ, ಕೋರ್ಟಿಗೆ ಹೋದರೆ ಗೆಲ್ಲಬಹುದು. ಆದರೆ ದೈವದ ವಿಷಯದಲ್ಲಿ ಕುಟುಂಬದ ಮೇಲೆ ಕೋರ್ಟಿಗೆ ಹೋದ ಮನೆಗೆ ಗೃಹಪ್ರವೇಶಕ್ಕೆ ಯಾರು ಬರುತ್ತಾರೆ? ಕಲ್ಲು ಕಟ್ಟಲು ಬರುವ ಮೇಸ್ತ್ರಿಯೇ ಬರಲಿಲ್ಲ. "ಮೊದಲು ಅದು ಎಂತ ಅಂತ ಇತ್ಯರ್ಥ ಆಗ್ಲಿ ಟೀಚರೇ," ಎಂದು ಫೋನಿನಲ್ಲಿ ಹೇಳಿದ.

ಆಮೇಲೆ ಎಲ್ಲರಿಗೂ ನೆನಪಾಗತೊಡಗಿತು. ನನಗೆ ತಡೆಯಲಾಗದೆ ಹೋದದ್ದು ಇದು. ಅಷ್ಟು ವರ್ಷ ಯಾರ ಬಾಯಲ್ಲೂ ಇಲ್ಲದ ದೈವ, ಒಂದು ಫೋಟೋದ ಹಿಂದೆ ಮೆರವಣಿಗೆ ಬಂತು. ಒಬ್ಬರಿಗೆ ಆ ತಟ್ಟಿನಲ್ಲಿ ಕಟ್ಟೆ ಇದ್ದದ್ದು ನೆನಪಾಯಿತು. ಇನ್ನೊಬ್ಬರಿಗೆ ಅಲ್ಲಿ ಹೋಗುವಾಗ ಅಜ್ಜಿ ಚಪ್ಪಲಿ ಕಳಚುತ್ತಿದ್ದದ್ದು ನೆನಪಾಯಿತು. ಅಜ್ಜಿ ಬದುಕಿನಲ್ಲಿ ಚಪ್ಪಲಿಯನ್ನೇ ಹಾಕಿದವಳಲ್ಲ ಎಂದು ನಾನು ಗುಂಪಿನಲ್ಲಿ ಬರೆದೆ. ಭಾವನಿಗಂತೂ ಗಂಟೆ ಸಿಗುವ ಮುಂಚಿನ ದಿನ ಕನಸು ಬಿದ್ದದ್ದು ನೆನಪಾಯಿತು. ಯಂತ್ರವನ್ನು ಮುಟ್ಟಲಾರೆ ಎಂದು ಅಟ್ಟಕ್ಕೆ ಹಾಕಿದ, ಸಂಜೆ ಸಂಜೆ ಗಂಟೆಗೆ ಕೈ ಮುಗಿಯತೊಡಗಿದ. ಲೋಹ ಹುಡುಕುವ ಯಂತ್ರ ಎಂದು ತಂದದ್ದು ನಮ್ಮ ಕುಟುಂಬದಲ್ಲಿ ನೆನಪುಗಳನ್ನು ಬೆಳೆಯುವ ಯಂತ್ರವಾಯಿತು. ಅದಕ್ಕೆ ಹೆಡ್‌ಫೋನೂ ಬೇಕಾಗಲಿಲ್ಲ.

ಅಕ್ಕ ಒಬ್ಬಳೇ ಗಟ್ಟಿ ನಿಂತಳು. "ಅಲ್ಲಿ ಹಟ್ಟಿ ಇದ್ದದ್ದು. ಹಟ್ಟಿಯಲ್ಲಿ ಕೋಣ ಇದ್ದದ್ದು. ಕೋಣಕ್ಕೆ ಗಂಟೆ ಇದ್ದದ್ದು. ಇದ್ರಲ್ಲಿ ದೈವ ಎಲ್ಲಿಂದ ಬಂತು?" ಎಂದು ಮಾವನಿಗೆ ಫೋನಿನಲ್ಲಿ ಹೇಳಿದಳು. ಹಟ್ಟಿ ಅಲ್ಲಿರಲಿಲ್ಲ, ಮನೆಯ ಹಿಂದೆ ಇದ್ದದ್ದು ಎಂದು ದಿನಕರ ಹೇಳಿದ. ನನ್ನನ್ನು ಕೇಳಿದರು. ನನಗೆ ಹಟ್ಟಿಯ ವಾಸನೆ ನೆನಪಿದೆ, ಹಟ್ಟಿ ಎಲ್ಲಿತ್ತೆಂದು ನೆನಪಿಲ್ಲ ಎಂದೆ. ಅಕ್ಕ ಎರಡು ವಾರ ನನ್ನ ಬಳಿ ಮಾತಾಡಲಿಲ್ಲ.

ಮಾತಾಡಿದಾಗ ಅವಳ ಕೈಯಲ್ಲಿ ಯಂತ್ರವಿತ್ತು. ಅಟ್ಟ ಹತ್ತಿ ತಾನೇ ಇಳಿಸಿದ್ದಳು. "ಮುರಿದ ತುಂಡು ಅಲ್ಲೇ ಎಲ್ಲೋ ಬಿದ್ದಿರ್ಬೇಕು. ಹಿಡಿಯೋ ಕೊಂಡಿಯೋ ಸಿಗ್ಲಿ, ನೋಡುವ. ಪಿಕ್ಕಾಸು ತೆಕ್ಕೊ." ಶಾಲೆಗೆ ರಜೆ ಬಂದಾಗಲೆಲ್ಲ ಬಿಸಿಲಿಗೆ ಕೊಡೆ ಹಿಡಿದು, ಇನ್ನೊಂದು ಕೈಯಲ್ಲಿ ಯಂತ್ರ ಆಡಿಸುತ್ತ ಅವಳು ತನ್ನ ಇನ್ನೂ ಕಟ್ಟದ ಮನೆಯೊಳಗೆ ತಿರುಗಿದಳು. ಪಡಸಾಲೆ ದಾಟಿದಳು, ಮಲಗುವ ಕೋಣೆ ದಾಟಿದಳು, ಅಡಿಗೆಮನೆಯಲ್ಲಿ ನಿಂತಳು. ಕೂಗಿದಲ್ಲೆಲ್ಲ ನಾನು ಅಗೆದೆ. ಲಾಳ ಸಿಕ್ಕಿತು, ಕತ್ತಿಯ ತುಂಡು ಸಿಕ್ಕಿತು, ಮುಚ್ಚಳಗಳಂತೂ ಸಿಕ್ಕೇ ಸಿಕ್ಕಿದವು. ಎಸೆದರೆ ಮತ್ತೆ ಅದೇ ಕೂಗುತ್ತದೆಂದು ಎಲ್ಲವೂ ನನ್ನ ಕಿಸೆಗೆ ಹೋದವು. ಗಂಟೆಯ ತಲೆ ಸಿಗಲಿಲ್ಲ.

ಕೊನೆಯ ದಿನ ಅವಳು ಕೆಂಪುಕಲ್ಲಿನ ರಾಶಿಯ ಮೇಲೆ ಕುಳಿತಳು. ಕಲ್ಲಿನ ಸಂದಿಯಲ್ಲಿ ಹುಲ್ಲು ಬೆಳೆದಿತ್ತು. "ಸಿಕ್ಕಿದ್ರೂ ಇವರು ಒಪ್ಪುದಿಲ್ಲ," ಎಂದಳು. "ಕೊಂಡಿ ಸಿಕ್ಕಿದ್ರೆ ದೈವದ ಕೋಣ ಅಂತಾರೆ."

ಅಕ್ಕ ಅಳುವವಳಲ್ಲ. ಕಾಗದದ ನಕ್ಷೆಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಳು. ಅದು ಅಳುವುದಕ್ಕಿಂತ ಕೆಟ್ಟದಾಗಿತ್ತು.

ಇವತ್ತು ಮಾವ ಎಲ್ಲರನ್ನೂ ಮನೆಗೆ ಕರೆಸಿದ್ದರು. ಇತ್ಯರ್ಥ ಮಾಡುವ ಎಂದು. ಆ ಮುಚ್ಚಳವನ್ನು ಡಬ್ಬಿಗೆ ಹಾಕಿ, ಮೈಯೆಲ್ಲ ಕಿರಿಕಿರಿ ಹೊತ್ತುಕೊಂಡು ನಾನು ಬಸ್ಸು ಹತ್ತಿದೆ. ಜಗಲಿಯಲ್ಲಿ ಅಕ್ಕ ಇದ್ದಳು, ದಿನಕರ ಇದ್ದ, ಕುಟುಂಬದ ಇನ್ನೂ ಕೆಲವರು ಇದ್ದರು. ಭಾವ ನೆಂಟನಾದ್ದರಿಂದ ಅಂಗಳದ ಕುರ್ಚಿಯಲ್ಲಿ. ಮಾವನ ಪಕ್ಕದಲ್ಲಿ, ಮಣೆಯ ಮೇಲೆ, ಭಾವ ಮಣೆ ಸಮೇತ ಹೊತ್ತು ತಂದ ಗಂಟೆ.

ಮಾವ ವೀಳ್ಯದೆಲೆಯ ನಾರು ತೆಗೆಯುತ್ತ ಶುರು ಮಾಡಿದರು. "ಹಿಡಿಯಾ ಕೊಂಡಿಯಾ ಅಂತ ಇನ್ನು ಕೇಳುದು ಬೇಡ. ಮಣೆಯಲ್ಲಿ ಇಟ್ಟಾಯ್ತು. ಇಟ್ಟದ್ದನ್ನು ಇಳಿಸುದು ನನ್ನಿಂದ ಆಗ್ಲಿಕ್ಕಿಲ್ಲ."

"ಇಳಿಸ್ಬೇಡಿ ಮಾವ," ಅಕ್ಕ ಹೇಳಿದಳು. "ಅಲ್ಲಿಯೇ ಒಂದು ಮೂಲೆ ನಾನು ಕೊಡ್ತೇನೆ. ವರ್ಷಕ್ಕೊಮ್ಮೆ ದೈವಕ್ಕೆ ತಂಬಿಲದ ಸೇವೆಯೂ ಕೊಡ್ತೇನೆ. ಆದ್ರೆ ಮನೆ?"

"ಕುಟುಂಬದ ದೈವದ ನೆಲೆಯಲ್ಲಿ ನೀನು ಒಬ್ಬಳು ಮನೆ ಕಟ್ಟುದು ಹೇಗೆ ಸುಮತಿ?" ದಿನಕರ ಕೇಳಿದ. ಅವನ ದನಿಯಲ್ಲಿ ದ್ವೇಷವಿರಲಿಲ್ಲ. ಅವನಿಗೆ ನಿಜವಾಗಿಯೂ ಹೆದರಿಕೆ.

ಮಾವ ಎಲೆಗೆ ಸುಣ್ಣ ಹಚ್ಚಿದರು. ಬಹಳ ನಿಧಾನವಾಗಿ ಹಚ್ಚಿದರು. "ಕುಟುಂಬದ್ದು ಅಂತ ಯಾರು ಹೇಳಿದ್ದು? ನನ್ನ ಅಕ್ಕ, ಇವರ ಅಮ್ಮ, ಅಲ್ಲಿ ದೀಪ ಇಡ್ತಿದ್ದಳಾದ್ರೆ ಅದು ಅವಳ ಕವರಿನದ್ದು. ಅವಳ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಬಿಟ್ಟದ್ದು. ಬೇರೆಯವರಿಗೆ ಅದ್ರಲ್ಲಿ ಮಾತಿಲ್ಲ." ತಲೆ ಎತ್ತಿ ಅಕ್ಕನನ್ನು ನೋಡಿದರು. "ಇಡ್ತಿದ್ದಳಾ?"

ಅಕ್ಕ ಮಣೆಯ ಮೇಲಿನ ಗಂಟೆಯನ್ನು ನೋಡಿದಳು.

"ಇಡ್ತಿದ್ದಳು," ಎಂದಳು ಅಕ್ಕ.

ನಾನು ಅವಳನ್ನೇ ನೋಡಿದೆ. ಹಟ್ಟಿ, ಕೋಣ, ಕೋಣದ ಗಂಟೆ ಎಂದು ಇಡೀ ಕುಟುಂಬಕ್ಕೆ ಎದುರು ನಿಂತವಳು ಇವಳೇ.

"ನಾವು ಕೇಳ್ಲೇ ಇಲ್ವಲ್ಲ ಇದನ್ನು," ಎಂದ ದಿನಕರ.

ಮಾವ ನನ್ನ ಕಡೆ ತಿರುಗಿದರು. "ನೀನು ಹೇಳು. ಇವರೆಲ್ಲ ಹೇಳಿದ್ದಕ್ಕೆ ತಪ್ಪು ಹಿಡಿಯುವವ ನೀನು. ನೀನು ಹೇಳಿದ್ರೆ ಎಲ್ಲರೂ ನಂಬ್ತಾರೆ. ನಿನ್ನ ಅಮ್ಮ ದೀಪ ಇಟ್ಟದ್ದು ನೆನಪುಂಟಾ?"

ಅಲ್ಲಿ ಯಾರೂ ದೀಪ ಇಟ್ಟಿರಲಿಲ್ಲವೆಂದು ಮಾವನಿಗೆ ಗೊತ್ತಿತ್ತು. ಅಕ್ಕನ ಮನೆಗೊಂದು ಬಾಗಿಲು ತೆರೆದು, ಪಕ್ಕಕ್ಕೆ ಸರಿದು ನಿಂತಿದ್ದರು ಮುದುಕರು. ಅಕ್ಕ ಬೇಡುವ ಕಣ್ಣಿನಿಂದ ನೋಡಿದ್ದರೆ ಏನು ಮಾಡುತ್ತಿದ್ದೆನೋ. ಅವಳು ನೋಡಿದ್ದು ಹೋಂವರ್ಕ್ ಮಾಡಿಕೊಂಡು ಬಾರದ ಮಕ್ಕಳನ್ನು ನೋಡುವ ಹಾಗೆ. ಚಪ್ಪಲಿಯಿಂದ ಹುಲಿಯ ತನಕ ಎಲ್ಲರ ನೆನಪುಗಳನ್ನು ಅಲ್ಲಗಳೆದ ನಾನು, ಇಲ್ಲ ಎನ್ನಲು ಬಾಯಿ ತೆರೆದೆ.

"ಉಂಟು," ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ಹಟ್ಟಿಯ ಹಿಂದೆ."

"ಹಟ್ಟಿ ಅಲ್ಲಿ ಇತ್ತಾ ಹಾಗಾದ್ರೆ?" ದಿನಕರ ಎದ್ದು ಕುಳಿತ.

"ಹಟ್ಟಿಯೂ ಇತ್ತು."

ಮಾವ ಎಲೆಯನ್ನು ಬಾಯಿಗೆ ಹಾಕಿಕೊಂಡು ಎದ್ದರು. "ಆಯ್ತು. ಇನ್ನು ಅದ್ರಲ್ಲಿ ಮಾತಿಲ್ಲ. ಬಂಗುಡೆ ಉಂಟು, ಊಟ ಮಾಡುವ." ಅಂಗಳದಿಂದ ಭಾವ ಗಂಟೆಗೆ ಕೈ ಮುಗಿದ. ದಿನಕರ ಕೂಡ ಮುಗಿದ. ಅವನ ಮುಖದಲ್ಲಿ ಸಮಾಧಾನ ಕಂಡಿತು. ಹೊಣೆ ಅವನ ತಲೆಯಿಂದ ಇಳಿದಿತ್ತು.

ಊಟದ ಮೇಲೆ ಭಾವ ಮೇಸ್ತ್ರಿಯನ್ನು ನೋಡಲು ಬೈಕಿನಲ್ಲಿ ಹೋದ. ನಾನೂ ಅಕ್ಕನೂ ಬಸ್ಸಿಗೆಂದು ಸಿದ್ಧಕಟ್ಟೆಯ ಕಡೆ ನಡೆದೆವು. ಸ್ವಲ್ಪ ದೂರ ಹೋದ ಮೇಲೆ ಅಕ್ಕ ಕೇಳಿದಳು.

"ಹಟ್ಟಿ ಯಾಕೆ ಎಳೆದು ತಂದೆ ಮಾರಾಯ? ಉಂಟು ಅಂದ್ರೆ ಸಾಕಿತ್ತಲ್ಲ."

"ಕಂಡಿತು," ಎಂದೆ.

ಕಂಡದ್ದು ನಿಜ. ಬಾಯಿ ತೆರೆದ ಗಳಿಗೆಯಲ್ಲಿ ಅಮ್ಮ ಕಂಡಳು. ಹಟ್ಟಿಯ ಮೂಲೆ ತಿರುಗಿ ಬರುತ್ತಿದ್ದಾಳೆ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾಳೆ, ಎಡಗೈಯಲ್ಲಿ ಹಣತೆ, ಗಾಳಿಗೆ ಅಡ್ಡ ಹಿಡಿದ ಬಲಗೈಯ ಬೆರಳುಗಳ ಸಂದಿ ಕೆಂಪಾಗಿದೆ. ಈ ಚಿತ್ರ ಎಲ್ಲಿ ಹುಟ್ಟಿತೆಂದು ನನಗೆ ಚೆನ್ನಾಗಿ ಗೊತ್ತು. ಮಾವನ ಜಗಲಿಯಲ್ಲಿ, ಇವತ್ತು, ಮಾವ ಕೇಳಿದ ಮೇಲೆ. ಅದಕ್ಕೆ ಇನ್ನೂ ಅರ್ಧ ದಿನ ವಯಸ್ಸಾಗಿಲ್ಲ. ಆದರೂ ಅಮ್ಮನ ಬಗ್ಗೆ ನನ್ನ ಬಳಿ ಇರುವ ಬೇರೆ ಯಾವ ಚಿತ್ರವೂ ಇಷ್ಟು ಸ್ಪಷ್ಟವಾಗಿಲ್ಲ. ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ.

"ಎಡಗೈಯಲ್ಲಿ ಅಲ್ಲ," ಎಂದಳು ಅಕ್ಕ. "ಬಲಗೈಯಲ್ಲಿ ಹಣತೆ. ಎಡಗೈ ಅಡ್ಡ."

"ಎಡಗೈಯಲ್ಲಿ ಅಕ್ಕ. ಬಲಗೈಯ ಬೆರಳು ನಾನು ಕಂಡಿದ್ದೇನೆ."

"ನೀನು ಎಂತ ಕಂಡದ್ದು? ನೀನು ಸಣ್ಣವ. ಅಮ್ಮನ ಸೆರಗು ಹಿಡ್ಕೊಂಡು ಬರ್ತಿದ್ದದ್ದು ನಾನು. ಎಡದ ಬದಿಯಲ್ಲಿ ಬರ್ತಿದ್ದೆ, ಬಳೆ ನನ್ನ ಹಣೆಗೆ ತಾಗ್ತಿತ್ತು."

ಸಿದ್ಧಕಟ್ಟೆ ಬಂತು. ಮೂಡುಬಿದಿರೆಯ ಬಸ್ಸು ಬಂದು ನಿಂತು, ಕಂಡಕ್ಟರ್ ಎರಡು ಸಲ ಕರೆದು, ಹೊರಟೂ ಹೋಯಿತು. ನಾನು ಹತ್ತಲಿಲ್ಲ. ಅಕ್ಕ ರಸ್ತೆಯ ಬದಿಯಲ್ಲಿ ನಿಂತು, ಕೊಡೆಯನ್ನು ಹಣತೆಯಂತೆ ಬಲಗೈಯಲ್ಲಿ ಹಿಡಿದು, ಎಡಗೈ ಅಡ್ಡ ಇಟ್ಟು, ಅಮ್ಮ ನಡೆಯುತ್ತಿದ್ದ ರೀತಿಯನ್ನು ನನಗೆ ತೋರಿಸುತ್ತಿದ್ದಳು. ನಾನು ಅಲ್ಲ, ಅಲ್ಲ, ಹಾಗಲ್ಲ ಎನ್ನುತ್ತಿದ್ದೆ.